ಬಿಳಿ ಗೆರೆಯ ಈಚಿನ ನೀರು

ದ್ವೀಪದಿಂದ ಬಂದು ಎಂಟು ದಿನ ಕಳೆದರೂ ಮುತ್ತನ ಕಿವಿಯಲ್ಲಿ ಆ ಗಾಳಿ ಹಾಗೇ ಕೂತಿತ್ತು. ಉಣ್ಣಲು ಕೂತರೆ ಕೇಳುತ್ತಿತ್ತು, ಹರಿದ ಬಲೆ ಕಟ್ಟಲು ಕೂತರೆ ಕೇಳುತ್ತಿತ್ತು. ತನ್ನೂರು ನಾವುಂದದಲ್ಲಿ ಗಾಳಿ ಇಲ್ಲವೆಂದಲ್ಲ. ಆಸಾಡಿ ತಿಂಗಳಲ್ಲಿ ಮಾಡಿನ ಹಂಚು ಎಬ್ಬಿಸುವ ಗಾಳಿ ಇಲ್ಲೂ ಇದೆ. ಆದರೆ ಊರ ಗಾಳಿ ಬೀಸುತ್ತದೆ, ಮಳೆ ತರುತ್ತದೆ, ನಿಲ್ಲುತ್ತದೆ. ಅದಕ್ಕೊಂದು ಕೆಲಸವಿದೆ. ದ್ವೀಪದ ಗಾಳಿಗೆ ಯಾವ ಕೆಲಸವೂ ಇರಲಿಲ್ಲ. ಹೊತ್ತು ಹೋಗದ ನೆಂಟನ ಹಾಗೆ ಬಾಗಿಲ ಹತ್ತಿರ ಕೂತು ಐದು ದಿನವೂ ಒಂದೇ ಮಾತನ್ನು ಆಡಿತ್ತು.

ಎಲ್ಲ ಸೇರಿ ಐದು ದಿನ ಎಂದಿದ್ದರು. ವಿಮಾನ ಸೇರಿ, ರೂಮು ಸೇರಿ, ಮೂರು ಹೊತ್ತಿನ ಊಟ ಸೇರಿ, ಸಂಜೆಯ ಚಾ ಸೇರಿ, ದೋಣಿ ಸವಾರಿಯೂ ಸೇರಿ. ಕುಂದಾಪುರದ ಟೂರಿನ ಅಂಗಡಿಯವನು ಬಣ್ಣದ ಕಾಗದದ ಮೇಲೆ ಬೆರಳಿಟ್ಟು ಒಂದೊಂದನ್ನೂ ತೋರಿಸಿದ್ದ. ಮುಂಚಿನದೆಲ್ಲ ವನಜಳಿಗೆ ಬೇಕಾಗಿರಲಿಲ್ಲ. ಬೇಕಾದದ್ದು ಆ ಕೊನೆಯದು ಒಂದೇ.

ವನಜ ಮುತ್ತನ ಹೆಂಡತಿ. ಮೂವತ್ತೈದು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಾವುಂದ, ಬಿಜೂರಿನ ಒಳಗಿನ ಮನೆಮನೆಗೆ ನಡೆದವಳು. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಅದು ಎಷ್ಟು ಹೊತ್ತಿಗೆ ಬಲೆಗೆ ಬಿದ್ದದ್ದು ಎಂದು ಹೇಳುವಳು. ಅಷ್ಟಾಗಿಯೂ ಒಂದು ದಿನ ದೋಣಿ ಹತ್ತಿದವಳಲ್ಲ. ಹೆಂಗಸರು ದೋಣಿಗೆ ಕಾಲಿಡುವುದಿಲ್ಲ, ಅದು ಅವರಲ್ಲಿ ನಡೆದುಬಂದದ್ದು. ದಡಕ್ಕೆ ಬಂದ ಮೀನು ಹೆಂಗಸರ ಪಾಲು, ದಡದಿಂದಾಚೆಯದು ಗಂಡಸರ ಪಾಲು. ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ ಗಂಡನನ್ನು ಕೇಳಿದ್ದುಂಟು, ಅಲೆ ಮುರಿಯುವ ಜಾಗದಿಂದ ಆಚೆಗೆ ನೀರು ಹೇಗಿರುತ್ತದೆ ಎಂದು. "ನೀರ್ ನೀರಿನಂಗೇ ಇರತ್ತ್," ಎಂದು ಮುತ್ತ ಮಗ್ಗುಲು ಬದಲಿಸಿ ಮಲಗಿದ್ದ.

ಆ ಮಾತನ್ನು ಅವಳು ಮರೆತಳೆಂದೇ ಅವನು ತಿಳಿದಿದ್ದ. ಎರಡು ಸಾವಿರದ ಹದಿಮೂರರಲ್ಲಿ ಅವಳ ಎರಡೂ ಮಂಡಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. ಆ ವರ್ಷ ಮೀನೂ ಚೆನ್ನಾಗಿ ಬಿದ್ದಿತ್ತು. ಮಗ ಚಂದ್ರ ಊಟ ಮಾಡುತ್ತಾ ಕೇಳಿದ.

"ಅಬ್ಬಿ, ಆಪರೇಷನ್ನಿಗ್ ಮೊದ್ಲ್ ಎಲ್ಲಿಗಾರೂ ಹೋಯ್ ಬಪ್ಪ. ನಿಂಗೆಂತ ಆಸೆ ಇತ್ತ್ ಹೇಳ್."

"ಧರ್ಮಸ್ಥಳ ಆಯ್ತ್, ಕೊಲ್ಲೂರ್ ಆಯ್ತ್. ಇನ್ನ್ ದೋಣಿ ಹತ್ತುದೊಂದ್ ಬಾಕಿ."

ಎಲ್ಲರೂ ನಕ್ಕರು. ವನಜ ನಗದೆ ಮಗನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಸೊಸೆ ಹರಿಣಾಕ್ಷಿ ಅದನ್ನು ಗಮನಿಸಿದಳು. ಅವಳು ಗುಲ್ವಾಡಿಯ ಕಡೆಯವಳು, ಹೊಳೆಬದಿಯಲ್ಲಿ ಹುಟ್ಟಿ ದೋಣಿಯಲ್ಲೇ ಶಾಲೆಗೆ ಹೋದವಳು. ಕಡಲಿನವರ ಈ ಕಟ್ಟಳೆ ಅವಳಿಗೆ ಎಂದೂ ಗಂಟಲಲ್ಲಿ ಇಳಿದದ್ದಲ್ಲ.

ಗಂಗೊಳ್ಳಿಯಲ್ಲಿರುವ ಚಂದ್ರನ ಬೋಟಿಗೆ ವನಜಳನ್ನು ಹತ್ತಿಸುವುದು ಆಗದ ಮಾತು. ಮರುದಿನ ಬಲೆ ಖಾಲಿ ಬಂದರೆ ಏಳು ಜನ ಆಳುಗಳೂ ಅವಳ ಹೆಸರೇ ಹೇಳುತ್ತಾರೆ. ಹರಿಣಾಕ್ಷಿ ಉಪಾಯ ಹುಡುಕಿದಳು. ಟೂರಿನ ಅಂಗಡಿಯಿಂದ ಆ ಬಣ್ಣದ ಕಾಗದ ತಂದು ಅತ್ತೆಯ ಮುಂದೆ ಹರವಿದಳು. ಕೊಚ್ಚಿಗೆ ರೈಲು, ಅಲ್ಲಿಂದ ಸಣ್ಣ ವಿಮಾನ, ಕಡಲಿನ ನಡುವೆ ಒಂದು ದ್ವೀಪ, ನೀಲಿ ನೀರಿನಲ್ಲಿ ಒಂದು ದೋಣಿ.

"ಅಲ್ಲಿ ನಮ್ಮೋರ್ ಯಾರ್ ಕಾಂತ್ರ್ ಅತ್ತೆ? ದೋಣಿ ಅವ್ರದ್ದ್, ಕಡ್ಲ್ ಅವ್ರದ್ದ್. ನಮ್ ಕಟ್ಳೆ ಇಲ್ಲೇ ಬಿಟ್ಟಿಕ್ಕ್ ಹೋಪ."

ವನಜ ಕಾಗದವನ್ನು ಸೆರಗಿನಿಂದ ಒರೆಸಿ ದೇವರ ಫೋಟೋದ ಹಿಂದೆ ಇಟ್ಟಳು.

ಯಾವಾಗ ಹೋಗುವುದು ಎಂಬ ಪ್ರಶ್ನೆಯೇ ಇರಲಿಲ್ಲ. ಮೀನಿನವರಿಗೆ ಬಿಡುವು ಇರುವುದು ಮಳೆಗಾಲದಲ್ಲಿ, ಬೋಟು ಕಡಲಿಗಿಳಿಯಬಾರದೆಂದು ಸರಕಾರ ನಿಲ್ಲಿಸಿದ ಆ ಎರಡು ತಿಂಗಳು. ಟೂರಿನ ಅಂಗಡಿಯವನಿಗೂ ಅದೇ ಬೇಕಿತ್ತು. ಬೇರೆ ಯಾರೂ ಹೋಗದ ತಿಂಗಳಾದ್ದರಿಂದ ಅವನು ನಗುನಗುತ್ತಾ ಚೀಟಿ ಹರಿದುಕೊಟ್ಟ. ಮುತ್ತ ಒಂದು ಮಾತು ಹೇಳಿದ್ದ.

"ಆಸಾಡಿ ಗಾಳಿ ಅಲ್ಲಿಗೂ ಹೋತ್ತ್ ಮಗಾ."

"ಅದ್ ಬೇರೆ ಕಡ್ಲ್ ಅಪ್ಪಯ್ಯ."

"ಕಡ್ಲ್ ಎಲ್ಲಾ ಒಂದೇ."

ಅಷ್ಟು ಹೇಳಿ ಸುಮ್ಮನಾದ. ವನಜ ಹೊಸ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು. ಇನ್ನೊಂದು ಮಾತು ಆಡಿದ್ದರೆ ಅವಳು ಸೂಜಿ ಕೆಳಗಿಡುತ್ತಿದ್ದಳು.

ಮುತ್ತನ ಮಾತಿಗೆ ಆ ಮನೆಯಲ್ಲಿ ಬೆಲೆ ಇತ್ತು. ಮೂವತ್ತು ವರ್ಷ ತಾಂಡೇಲನಾಗಿ ಬೋಟು ನಡೆಸಿದವನು ಅವನು. ಅರವತ್ತನಾಲ್ಕಕ್ಕೆ ಚುಕ್ಕಾಣಿಯನ್ನು ಮಗನಿಗೆ ಕೊಟ್ಟ. ಕೊಟ್ಟರೂ, ಸೀಸನ್ನಿನಲ್ಲಿ ಬೆಳಿಗ್ಗೆ ಚಂದ್ರ ಗಂಗೊಳ್ಳಿಯಿಂದ ಫೋನು ಮಾಡಿ ಅವನನ್ನೇ ಕೇಳುತ್ತಿದ್ದ. ಗಂಗೊಳ್ಳಿಯಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆ ಇದೆ. ಬೋಟು ಹೊರಗೆ ಹೋಗಬೇಕಾದರೆ ಅದನ್ನು ದಾಟಲೇಬೇಕು, ಮುಳುಗುವ ಬೋಟುಗಳೆಲ್ಲ ಮುಳುಗುವುದೂ ಅಲ್ಲಿಯೇ. ಮುತ್ತ ನಾವುಂದದ ದಂಡೆಯಲ್ಲಿ ನಿಂತು ಅಲೆ ನೋಡಿ ಅಳಿವೆ ಹೇಗಿದ್ದೀತು ಎಂದು ಹೇಳುವನು. "ಹೋಯ್ಲಕ್ಕ್" ಎಂದರೆ ಹೋದರು. "ಹೋಪುಕಾಗ" ಎಂದರೆ ಇಲ್ಲ. ಯಾಕೆ ಎಂದು ಚಂದ್ರ ಕೇಳಿದ್ದಿಲ್ಲ, ಮುತ್ತ ಹೇಳಿದ್ದೂ ಇಲ್ಲ. ತಾಂಡೇಲನ ಮಾತಿಗೆ ಕಾರಣ ಕೇಳುವ ಪದ್ಧತಿ ಬೋಟಿನಲ್ಲಿಲ್ಲ. ಕೇಳುತ್ತಾ ಕೂತರೆ ಅಲೆ ಕಾಯುವುದಿಲ್ಲ.

ದ್ವೀಪದಲ್ಲಿ ಇಳಿದ ಕೂಡಲೇ ಗಾಳಿ ವನಜಳ ಸೆರಗನ್ನು ತಲೆಯ ಮೇಲೆ ಹಾಕಿತು. ರಿಸಾರ್ಟಿನ ಹುಡುಗಿಯೊಬ್ಬಳು ಓಡಿಬಂದು ಐವರ ಮಣಿಕಟ್ಟಿಗೂ ನೀಲಿ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿದಳು. ಹೋಗುವ ದಿನದವರೆಗೆ ಬಿಚ್ಚಬಾರದಂತೆ, ಅದಿದ್ದರೆ ಎಲ್ಲವೂ ಸಿಗುತ್ತದಂತೆ.

"ಎಂತಕೆ ಮಗ್ಳೆ ಇದ್? ನಮ್ಮನ್ನ ಏಲಂ ಹಾಕ್ತ್ರಾ?" ಎಂದು ವನಜ ಮೊಮ್ಮಗಳು ನವ್ಯಶ್ರೀಯನ್ನು ಕೇಳಿದಳು.

ಹತ್ತು ವರ್ಷದ ನವ್ಯಶ್ರೀಗೆ ನಗು ತಡೆಯಲಿಲ್ಲ. "ಅಜ್ಜಿನ್ ಯಾರ್ ತಕಂತ್ರ್? ಅಜ್ಜಿ ಹಳೇ ಮೀನ್."

"ಹಳೇ ಮೀನೇ ಆಯ್ಲಿ. ಒಣಗ್ಸಿರೆ ಮಳೆಗಾಲಕ್ಕಾತ್ತ್."

ಹೀಗೆ ನಗುತ್ತಾ ಹೋದದ್ದು ಮೊದಲ ದಿನ ಮಾತ್ರ. ದಂಡೆಗೆ ಹೋಗಿ ನೋಡಿದರೆ ಕೆಂಪು ಬಾವುಟ ಕಟ್ಟಿದ್ದರು. ನೀರಿಗಿಳಿಯುವಂತಿಲ್ಲ, ದೋಣಿಯಿಲ್ಲ. ಕುರ್ಚಿಗಳನ್ನು ತೆಂಗಿನಮರಕ್ಕೆ ಹಗ್ಗದಲ್ಲಿ ಬಿಗಿದಿದ್ದರು, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ. ಹೊರಗೆ ಕೂತು ಚಾ ಕುಡಿದರೆ ಹಲ್ಲಿನ ಸಂದಿಯಲ್ಲಿ ದಂಡೆಯಿಂದ ಹಾರಿಬಂದ ಹೊಯ್ಗೆ ಕರಕರ ಅನ್ನುತ್ತಿತ್ತು. ನಾಳೆ ಸರಿಯಾಗಬಹುದು ಎಂದರು ರಿಸಾರ್ಟಿನವರು. ಎರಡನೆಯ ದಿನವೂ ಹಾಗೆಂದರು, ಮೂರನೆಯ ದಿನವೂ ಹಾಗೇ. ಅವರ ಬಾಯಿಗೆ ಆ ಮಾತು ಅಭ್ಯಾಸವಾಗಿತ್ತು.

ಊಟಕ್ಕೆ ಸಾಲಾಗಿ ಇಟ್ಟ ಹದಿನೈದು ಪಾತ್ರೆ. ಮುಚ್ಚಳ ತೆಗೆದು ನೋಡಿದರೆ ಬಣ್ಣ ಬೇರೆ, ರುಚಿ ಒಂದೇ. ಕುಚ್ಚಲಕ್ಕಿ ಅನ್ನವಿಲ್ಲ, ಗಂಜಿಯಂತೂ ಇಲ್ಲ. ಮೀನೆಂದು ಕೊಟ್ಟದ್ದಕ್ಕೆ ದಪ್ಪ ಹಿಟ್ಟಿನ ಅಂಗಿ ತೊಡಿಸಿದ್ದರು. ವನಜ ಅದನ್ನು ಬಿಡಿಸಿ, ಬೆರಳಿನಲ್ಲಿ ಒತ್ತಿ, ಮೂಸಿ ನೋಡಿದಳು.

"ಇದ್ಕ್ ಮುಳ್ಳೇ ಇಲ್ಲೆ. ಮುಳ್ಳಿಲ್ದಿದ್ ಮೀನ್ ಯಾವ್ ಕಡ್ಲಂಗೆ ಸಿಕ್ಕತ್ತ್?"

"ಐಸಿನಂಗೆ ಸಿಕ್ಕತ್ತ್," ಎಂದ ಮುತ್ತ. "ಎರಡ್ ತಿಂಗ್ಳ್ ಆಯಿರ್ಕ್ ಇದ್ ಸತ್ತ್."

ಸುತ್ತಲೂ ಕಡಲು, ತಿನ್ನಲು ಪೆಟ್ಟಿಗೆಯ ಮೀನು. ಅವರಿಬ್ಬರೂ ಸಾರು ಅನ್ನ ಉಂಡು ಎದ್ದರು. ಹರಿಣಾಕ್ಷಿಗೆ ಸಿಟ್ಟು ಬಂದಿತ್ತು, ತಾನೇ ತೋರಿಸಿದ ಜಾಗವಾದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಚಂದ್ರ ಟಿ.ವಿ. ಹಾಕಿ ಮಲಗಿದ. ಸಂಜೆ ದೊಡ್ಡ ಹಾಲಿನಲ್ಲಿ ಮೈಕು ಹಿಡಿದವನೊಬ್ಬ ಎಲ್ಲರನ್ನೂ ಕರೆದು ಮ್ಯೂಸಿಕಲ್ ಚೇರ್ ಆಡಿಸಿದ. ಮಂಡಿನೋವಿನ ವನಜ ಒಂದು ಕುರ್ಚಿಯಲ್ಲಿ ಕೂತವಳು ಹಾಡು ಶುರುವಾದರೂ ಏಳಲಿಲ್ಲ. ಏಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಅವಳೇ ಗೆದ್ದಳೆಂದು ಒಂದು ಟೊಪ್ಪಿ ಕೊಟ್ಟರು. ಮರುದಿನ ಬೆಳಿಗ್ಗೆ ಗಾಳಿ ಅದನ್ನೂ ಕೊಂಡುಹೋಯಿತು.

ಮುತ್ತನಿಗೆ ಆ ದಿನಗಳಲ್ಲಿ ಕಷ್ಟವಾದದ್ದು ಊಟವೂ ಅಲ್ಲ, ಗಾಳಿಯೂ ಅಲ್ಲ. ಕಡಲಿನ ಮುಂದೆ ಸುಮ್ಮನೆ ಕೂರುವುದು. ಅವನು ಹುಟ್ಟಿದಂದಿನಿಂದ ಕಡಲನ್ನು ಏನಾದರೂ ಮಾಡಲು ನೋಡಿದವನು. ಬಲೆ ಬಿಡಬಹುದೇ, ದಾಟಬಹುದೇ, ಮೀನಿನ ಗುಂಪು ಎಲ್ಲಿದೆ. ನೋಡುವುದಕ್ಕಾಗಿಯೇ ನೋಡುವುದು ಅವನಿಗೆ ಗೊತ್ತಿರಲಿಲ್ಲ. ವನಜ ಮಾತ್ರ ಬೆಳಿಗ್ಗೆ ಎದ್ದು ಸೀರೆ ಉಟ್ಟು, ತಲೆ ಬಾಚಿ, ದಂಡೆಯ ಕಟ್ಟೆಯಲ್ಲಿ ಕೂತು ಬಾವುಟವನ್ನೇ ನೋಡುವಳು. ಅದು ಕೆಂಪು ಎಂದು ಖಾತ್ರಿಯಾದ ಮೇಲೆ ಒಳಗೆ ಬಂದು ಸೀರೆ ಬದಲಿಸುವಳು. ಮೂರು ದಿನ ಹೀಗೆ.

ನಾಲ್ಕನೆಯ ದಿನ ಬೆಳಿಗ್ಗೆ ಗಾಳಿ ನಿಂತಿತು.

ಪೂರ್ತಿ ನಿಂತದ್ದಲ್ಲ, ಉಸಿರು ಬಿಗಿಹಿಡಿದ ಹಾಗೆ. ತೆಂಗಿನ ಗರಿಗಳು ಕೆಳಗೆ ಇಳಿದವು. ಕೆಂಪು ಬಾವುಟ ಇಳಿಸಿ ಹಳದಿ ಏರಿಸಿದರು. ಹತ್ತು ಗಂಟೆಗೆ ದೋಣಿ ಹೊರಡುತ್ತದೆ ಎಂದು ರೂಮಿನ ಬಾಗಿಲು ಬಡಿದು ಹೇಳಿದರು. ವನಜ ನವ್ಯಶ್ರೀಯ ಕೈ ಹಿಡಿದು ಎಲ್ಲರಿಗಿಂತ ಮೊದಲು ನಡೆದಳು. ಅಷ್ಟು ಬೇಗ ನಡೆದದ್ದನ್ನು ಮುತ್ತ ನೋಡಿ ಎರಡು ವರ್ಷವಾಗಿತ್ತು.

ಮೊಣಕಾಲುದ್ದ ನೀರಿನಲ್ಲಿ ಉದ್ದನೆಯ ದೋಣಿ ನಿಂತಿತ್ತು, ಹಿಂದೆ ಸಣ್ಣ ಎಂಜಿನ್. ದೋಣಿಯವನು ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಎಲ್ಲರಿಗೂ ಕೇಸರಿ ಜಾಕೆಟ್ಟು ಕೊಟ್ಟ. ನವ್ಯಶ್ರೀ ಅಜ್ಜಿಗೆ ಅದನ್ನು ತೊಡಿಸಿ, ಅವಳ ಕಿವಿಯಲ್ಲಿ ಏನೋ ಹೇಳುತ್ತಾ ಪಟ್ಟಿ ಬಿಗಿದಳು. ವನಜ ದೋಣಿಯ ಅಂಚಿಗೆ ಬಲಗೈ ಇಟ್ಟು, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿ, ಒಂದು ಕಾಲನ್ನು ಎತ್ತಿ ಒಳಗಿಟ್ಟಳು.

ಆಗ ಮುತ್ತ ದೂರಕ್ಕೆ ನೋಡಿದ. ದಂಡೆಯಿಂದ ಅರ್ಧ ಮೈಲಿಯಾಚೆ, ಕಡಲಿನ ಅಡ್ಡಕ್ಕೆ ಉದ್ದಾನುದ್ದ ಒಂದು ಬಿಳಿ ಗೆರೆ. ಅಲೆ ಅಲ್ಲಿ ಎದ್ದು ಮುರಿಯುತ್ತಿತ್ತು. ಮುರಿದ ಮೇಲೆ ತುಸು ಹೊತ್ತಿಗೆ ಸದ್ದು ಬರುತ್ತಿತ್ತು, ದೊಡ್ಡ ಮರದ ಬಾಗಿಲು ಹಾಕಿದಂಥ ಸದ್ದು. ಮೂರು ದಿನ ಗಾಳಿ, ಆಮೇಲೆ ಈ ಮೌನ, ಹೊರಗೆ ಆ ಬಿಳಿ.

ಇದನ್ನು ಅವನು ಮೊದಲೊಮ್ಮೆ ಕಂಡಿದ್ದ. ತೊಂಬತ್ತೇಳನೇ ಇಸವಿ, ಸೀಸನ್ ಶುರುವಾಗಿ ವಾರ ಕಳೆದಿತ್ತು. ಮೂರು ದಿನ ಬೀಸಿದ ಗಾಳಿ ನಾಲ್ಕನೆಯ ದಿನ ಬೆಳಿಗ್ಗೆ ಹೀಗೇ ನಿಂತಿತ್ತು. ಅಳಿವೆಯ ಬಾಯಲ್ಲಿ ಇದೇ ಬಿಳಿ. ಉಳಿದ ಬೋಟಿನವರು ಹೊರಟಿದ್ದರು, ಇವನೂ ಹೊರಟ. ಮೂರನೆಯ ಅಲೆ ಬೋಟನ್ನು ಅಡ್ಡ ಹಾಕಿ ಕಲ್ಲಿಗೆ ತಂದು ಬಡಿಯಿತು. ಎಲ್ಲರೂ ಈಜಿ ಬಂದರು, ವನಜಳ ತಮ್ಮ ಕೊರಗ ಒಬ್ಬನ ಕಾಲು ಬೋಟಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಮಂಡಿಯ ಕೆಳಗೆ ತೆಗೆಯಬೇಕಾಯಿತು. ಆಗ ಕೊರಗನಿಗೆ ಇಪ್ಪತ್ತೆಂಟು ವರ್ಷ. ಅಂದಿನಿಂದ ಮುತ್ತ ಬಿಳಿ ಕಂಡ ಕಡೆ ಬೋಟು ಬಿಟ್ಟವನಲ್ಲ.

"ಹೋಪುಕಾಗ," ಎಂದ.

ದೊಡ್ಡ ದನಿಯಲ್ಲಿ ಹೇಳಿದ್ದಲ್ಲ. ಚಂದ್ರ ಆಗಲೇ ದೋಣಿಯಲ್ಲಿ ಕೂತಿದ್ದ. ಅಪ್ಪನ ಮುಖ ನೋಡಿದ, ಇಳಿದ, ಜಾಕೆಟ್ಟು ಕಳಚಿದ. ಯಾಕೆಂದು ಕೇಳಲಿಲ್ಲ. ಕೇಳಿದವಳು ಹರಿಣಾಕ್ಷಿ.

"ಎಂತ ಮಾವ ಇದ್? ನಮ್ ಗುಲ್ವಾಡಿ ಹೊಳ್ಯಂಗೆ ಇದ್ಕಿಂತ ಜಾಸ್ತಿ ಅಲೆ ಇರತ್ತ್. ಎಲ್ಲಾರೂ ಕೂಕಂಡಾಯ್ತ್."

"ಆ ಬಿಳಿ ಕಂಡ್ಯಾ? ಅದನ್ನ ದಾಟುಕಾಗ."

"ದಾಟ್ತ್ರ್ ಅಂದ್ ಯಾರ್ ಹೇಳಿದ್ರ್ ನಿಮ್ಗೆ?"

"ಹರಿಣಾಕ್ಷಿ, ಸಾಕ್," ಎಂದ ಚಂದ್ರ. "ಅಪ್ಪಯ್ಯ ಹೇಳಿ ಆಯ್ತ್."

ವನಜ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೀರಿನಲ್ಲಿ ಇಟ್ಟು ನಿಂತಿದ್ದಳು. ಗಂಡನನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಒಳಗಿಟ್ಟ ಕಾಲನ್ನು ಕೈಯಿಂದ ಹಿಡಿದು ಎತ್ತಿ ಈಚೆಗೆ ಇಟ್ಟಳು. ಮಂಡಿ ಮಡಚುತ್ತಿರಲಿಲ್ಲ, ಕೈಯಿಂದಲೇ ಎತ್ತಬೇಕಿತ್ತು. ಜಾಕೆಟ್ಟಿನ ಪಟ್ಟಿ ಬಿಚ್ಚಿ ದೋಣಿಯವನಿಗೆ ಕೊಟ್ಟಳು. ನವ್ಯಶ್ರೀ ಅಳುತ್ತಾ ರೂಮಿಗೆ ಓಡಿದಳು.

ರಿಸಾರ್ಟಿಗೆ ಬೇರೆ ಕಡೆಯಿಂದ ಬಂದಿದ್ದ ಉಳಿದ ಎಂಟು ಮಂದಿಯನ್ನು ಕೂರಿಸಿಕೊಂಡು ದೋಣಿ ಹೊರಟಿತು. ಮುತ್ತ ದಂಡೆಯಲ್ಲೇ ನಿಂತ. ಬಿಳಿಯ ಹತ್ತಿರ ಹೋದಾಗ ಏನಾಗುತ್ತದೆ ಎಂದು ನೋಡಲು ನಿಂತಿದ್ದ. ದೋಣಿ ಬಿಳಿಯ ಹತ್ತಿರ ಹೋಗಲೇ ಇಲ್ಲ. ಎಡಕ್ಕೆ ತಿರುಗಿ, ದಂಡೆಗೂ ಬಿಳಿ ಗೆರೆಗೂ ನಡುವಿನ ಹಸಿರು ನೀರಿನಲ್ಲಿ, ಕೆರೆಯಲ್ಲಿ ಹೋದ ಹಾಗೆ ನಿಧಾನಕ್ಕೆ ಹೋಯಿತು. ಒಂದು ಕಡೆ ನಿಂತಿತು. ಇಬ್ಬರು ನೀರಿಗಿಳಿದರು. ಇಳಿದವರು ನಿಂತುಕೊಂಡರು, ನೀರು ಅವರ ಸೊಂಟಕ್ಕೆ ಬರುತ್ತಿತ್ತು. ಅಲ್ಲಿಂದ ಅವರ ನಗು ದಂಡೆಗೆ ಕೇಳಿಸುತ್ತಿತ್ತು.

ಒಂದೂವರೆ ಗಂಟೆಯ ಮೇಲೆ ದೋಣಿ ಬಂತು. ಸೂರತ್ತಿನಿಂದ ಬಂದ ಒಬ್ಬ ಮುದುಕಿ, ವನಜಳಿಗಿಂತಲೂ ದಪ್ಪದವಳು, ಮಕ್ಕಳ ಹೆಗಲು ಹಿಡಿದು ಇಳಿದಳು. ಅವಳ ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ವನಜ ಕಟ್ಟೆಯ ಮೇಲೆ ಕೂತು ಅವಳನ್ನು ನೋಡಿದಳು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಗಾಳಿ ಮತ್ತೆ ಎದ್ದಿತು. ಕೆಂಪು ಬಾವುಟ ಏರಿಸಿದರು. ಅದು ಮತ್ತೆ ಇಳಿಯಲಿಲ್ಲ.

ಸಂಜೆ ಮುತ್ತ ಒಬ್ಬನೇ ದಂಡೆಗೆ ಹೋದ. ದೋಣಿಯವನು ಎಂಜಿನ್ನಿಗೆ ಟಾರ್ಪಾಲು ಕಟ್ಟುತ್ತಿದ್ದ. ಕೇರಳದ ಬೋಟಿನವರ ಜೊತೆ ಹತ್ತು ವರ್ಷ ಕಳೆದ ಮುತ್ತನಿಗೆ ಅವನ ಮಾತು ಮುಕ್ಕಾಲು ಪಾಲು ತಿಳಿಯುತ್ತಿತ್ತು. ಬೆಳಿಗ್ಗೆಯೇ ಕೇಳಬಹುದಿತ್ತು. ತಾಂಡೇಲನಾದವನು ನೀರಿನ ವಿಷಯ ಇನ್ನೊಬ್ಬನನ್ನು ಕೇಳುವುದೇ ಎಂದು ಕೇಳಿರಲಿಲ್ಲ. ಈಗ ಮುರುಕು ಮಲಯಾಳದಲ್ಲಿ ಕೇಳಿದ.

ದೋಣಿಯವನು ಹಗ್ಗ ಬಿಗಿಯುತ್ತಲೇ ಹೇಳಿದ. ಅಲ್ಲಿ ನೀರಿನಡಿ ಹವಳದ ಗೋಡೆ ಇದೆ, ದ್ವೀಪದ ಸುತ್ತ ಬಳೆಯ ಹಾಗೆ. ಕಡಲು ಬಂದು ಅದಕ್ಕೆ ಹೊಡೆದು ಅಲ್ಲೇ ಮುಗಿಯುತ್ತದೆ. ವರ್ಷದ ಮುನ್ನೂರರವತ್ತೈದು ದಿನವೂ ಬಿಳಿಯೇ. ಅದು ಬಿಳಿಯಾಗಿದ್ದಷ್ಟು ಕಾಲ ಒಳಗಿನ ನೀರು ನೀರಲ್ಲ, ಮನೆಯಂಗಳ. ಮಕ್ಕಳು ನಡೆಯಲು ಕಲಿಯುವುದೇ ಅಲ್ಲಿ. ಮೂರು ದಿನ ಕೆಂಪು ಹಾಕಿದ್ದು ಗಾಳಿಗೆ, ಅಲೆಗಲ್ಲ.

"ನೀವು ಕಡಲಿನವರಾ?" ಎಂದು ಕೊನೆಗೆ ಅವನು ಕೇಳಿದ.

"ಅಲ್ಲ," ಎಂದ ಮುತ್ತ.

ಐದನೆಯ ದಿನ ನೀಲಿ ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಸಣ್ಣ ವಿಮಾನ, ಕೊಚ್ಚಿ, ರೈಲು. ದಾರಿಯುದ್ದಕ್ಕೂ ಹರಿಣಾಕ್ಷಿ ಮಾವನಿಗೆ ಚಾ ತಂದುಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ವನಜ ಎಂದಿನ ಹಾಗೆಯೇ ಇದ್ದಳು. ಮುತ್ತನಿಗೆ ಅದೇ ಹೆಚ್ಚು ಭಾರವಾಯಿತು. ಅವಳು ಒಮ್ಮೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಬಂದು ಎಂಟನೆಯ ದಿನ ಸಂಜೆ ಮಳೆ ನಿಂತು ಹೊಳವಾಗಿತ್ತು. ವನಜ ಕೊಚ್ಚಿಯಲ್ಲಿ ಕೊಂಡ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹಿಡಿದು ತಮ್ಮನನ್ನು ನೋಡಲು ಹೊರಟಳು, ಮುತ್ತನೂ ಹೊರಟ. ಕೊರಗನದು ಬಸ್ ನಿಲ್ದಾಣದ ಹತ್ತಿರ ಒಂದು ಗೂಡಂಗಡಿ. ಬೀಡಿ, ಬಾಳೆಹಣ್ಣು, ಸೋಡಾ. ಮರದ ಕಾಲನ್ನು ಕಳಚಿ ಪಕ್ಕಕ್ಕೆ ಒರಗಿಸಿ, ಬೆಂಚಿನ ಮೇಲೆ ಕೂತಿದ್ದ. ಭಾವನನ್ನು ಕಂಡ ಕೂಡಲೇ ಶುರುಮಾಡಿದ.

"ಹ್ವಾಯ್, ಬನ್ನಿ ಬನ್ನಿ, ವಿಮಾನದೋರ್ ಬಂದ್ರ್. ಕೂಕಣಿ ಭಾವ. ಎಲ್ಲಾ ಸೇರಿತ್ತ್ ಅಂದಿದ್ರಲೆ, ಗಾಳಿನೂ ಸೇರಿತ್ತಂಬ್ರ್?"

"ಅದೊಂದ್ ಹೊಟ್ಟೆ ತುಂಬಾ ಕೊಟ್ರ್," ಎಂದಳು ವನಜ.

"ಮತ್ತೆ ದೋಣಿ? ಹತ್ತಿದ್ಯಾ ಅಕ್ಕಾ?"

"ಎಲ್ಲಿಂದ ಹತ್ತುದ್. ಐದ್ ದಿನವೂ ಕೆಂಪ್ ಬಾವುಟ. ಒಂದ್ ದೋಣಿ ಹೊರಡ್ಲಿಲ್ಲೆ."

ಅವಳು ಅದನ್ನು ಎಷ್ಟು ಸರಾಗವಾಗಿ ಹೇಳಿದಳೆಂದರೆ, ಮುತ್ತನಿಗೇ ಒಂದು ಕ್ಷಣ ಹಾಗೇ ಇರಬಹುದು ಅನಿಸಿತು. ಇದೇ ಮಾತನ್ನು ಅವಳು ಪಕ್ಕದ ಮನೆಯ ಜಲಜಳಿಗೂ ಹೇಳಿರಬೇಕು, ಬಲೆ ಕಟ್ಟುವ ಶೆಡ್ಡಿನಲ್ಲೂ ಹೇಳಿರಬೇಕು. ಯಾರೂ ಅವನನ್ನು ಏನೂ ಕೇಳದೇ ಇದ್ದದ್ದು ಯಾಕೆಂದು ಈಗ ತಿಳಿಯಿತು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೊರಗ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹಲ್ಲಿನಿಂದ ಹರಿಯುತ್ತಿದ್ದ.

"ಹೊರಟಿತ್ತ್," ಎಂದ ಮುತ್ತ. "ನಾಲ್ಕನೇ ದಿನ. ಅವ್ಳ್ ಒಂದ್ ಕಾಲ್ ಇಟ್ಟಾಯಿತ್ತ್. ನಾನೇ ಹೋಪುಕಾಗ ಅಂದೆ."

ವನಜ ತಲೆಯೆತ್ತಲಿಲ್ಲ.

"ಯಾಕ್ ಭಾವ?"

"ಹೊರ್ಗೆ ಬಿಳಿ ಕಂಡಿತ್ತ್. ನಮ್ ಅಳಿವೆ ಬಿಳಿ ಅಂದೇ ಅಂದ್ಕಂಡೆ. ಅದ್ ಕಲ್ಲಿನ್ ಗೋಡೆ ಅಂಬ್ರ್. ದೋಣಿ ಅದ್ರ್ ಹತ್ರವೇ ಹೋತಿಲ್ಲೆ. ಒಳ್ಗೆ ಸೊಂಟದುದ್ದ ನೀರ್. ನಾನ್ ತಪ್ಪಿದೆ."

ಕೊರಗ ಒರಗಿಸಿಟ್ಟ ಮರದ ಕಾಲನ್ನು ಬೆರಳಿನಿಂದ ಟಕಟಕ ಬಡಿದ.

"ಹೋಪುಕಾಗ ಅನ್ಕಾದಲ್ಲಿ ಹೋಪ ಅಂದ್ರಿ, ಇದ್ ಹೋಯ್ತ್. ಹೋಪ ಅನ್ಕಾದಲ್ಲಿ ಹೋಪುಕಾಗ ಅಂದ್ರಿ, ಅಕ್ಕನ್ ದೋಣಿ ಹೋಯ್ತ್. ನಮ್ ಮನೆಯೋರ್ ಮೇಲೇ ಎಂತಕ್ ಭಾವ ನಿಮ್ ಪ್ರಯೋಗ?"

ಅವನು ನಗುತ್ತಲೇ ಹೇಳಿದ್ದ. ಹದಿನಾರು ವರ್ಷದಲ್ಲಿ ಆ ಕಾಲಿನ ಬಗ್ಗೆ ಭಾವನ ಎದುರು ಅವನು ಆಡಿದ ಮೊದಲ ಮಾತು ಅದು.

"ಬಾಯ್ ಮುಚ್ಚ್ ಮಾರಾಯ," ಎಂದಳು ವನಜ. ಚಿಪ್ಸಿನ ಪೊಟ್ಟಣವನ್ನು ತಮ್ಮನ ಕೈಯಿಂದ ಕಿತ್ತು ಬಾಯಿ ಮಡಚಿ ಡಬ್ಬದ ಮೇಲಿಟ್ಟಳು. "ಎಣ್ಣೆದ್ ಅಷ್ಟ್ ತಿಂಬುಕಾಗ ನೀನ್. ಶುಗರ್ ಇತ್ತ್." ಎದ್ದು ಹೊರಟಳು.

ದಾರಿಯಲ್ಲಿ ಅವಳು 'ಶ್' ಎಂದು ಮೂರು ಸಲ ನಿಂತಳು. ನಾಲ್ಕನೆಯ ಸಲ ಮೋರಿಯ ಕಟ್ಟೆಯ ಮೇಲೆ ಕೂತೇಬಿಟ್ಟಳು. ಮುತ್ತ ಪಕ್ಕದಲ್ಲಿ ಕೂತ. ಗದ್ದೆಯಾಚೆ ಕಡಲು ಗುಮ್ಮೆನ್ನುತ್ತಿತ್ತು.

"ಅವ್ನ್ ಹತ್ರ ಹೇಳುಕೆ ಎಂತಕ್ ಹೋದ್ರಿ?"

"ನೀನ್ ಸುಳ್ಳ್ ಹೇಳ್ತಾ ಇದ್ದಿದ್ಯಲೆ."

"ನನ್ ಬಾಯಿ, ನನ್ ಸುಳ್ಳ್. ನಿಮ್ಗೆಂತ ಖರ್ಚಿತ್ತಾ?" ಅವಳು ಮಂಡಿ ನೀವಿಕೊಂಡಳು. "ಒಳ್ಗೆ ಸೊಂಟದುದ್ದ ನೀರ್ ಅಂದ್ ನಂಗೆ ಆವತ್ತೇ ಗೊತ್ತಿತ್ತ್. ಜಾಕೆಟ್ ಹಾಕುವತ್ತಿಗೆ ನವ್ಯ ಹೇಳಿತ್ತ್. ದೋಣಿಯೋನ್ ಹತ್ರ ಅದ್ ಹಿಂದಿಯಂಗೆ ಕೇಂಡಿತ್ತ್."

ಮುತ್ತ ಅವಳ ಕಡೆ ತಿರುಗಿದ. "ಗೊತ್ತಿದ್ದೂ ಇಳ್ದ್ಯಾ?"

"ಚಂದ್ರ ಇಳ್ದಾಯಿತ್ತಲೆ."

"ಅದ್ಕೆ?"

"ಅದ್ಕೆ ಎಂತ. ನೀವ್ ಹೋಪುಕಾಗ ಅಂದ್ರಿ, ಅವ್ನ್ ಕೇಳ್ದೆ ಇಳ್ದ. ನಾನ್ ಅವ್ನೆದ್ರೇ ನಿಮ್ ಮಾತ್ ದಾಟಿ ಹೋಯಿ, ನಗಾಡ್ಕಂಡ್ ವಾಪಾಸ್ ಬಂದಿದ್ರೆ, ನಾಳೆ ಗಂಗೊಳ್ಳಿಯಂಗೆ ಬೇರೆ ಬೋಟಿನೋರ್ ಎಲ್ಲಾ ಹೊರಟಾಗ ನಿಮ್ 'ಹೋಪುಕಾಗ' ಅವ್ನ್ ಕೆಮಿಗ್ ಹೋತಿತ್ತಾ?"

ರಸ್ತೆಯಲ್ಲಿ ಬೈಂದೂರಿನ ಬಸ್ಸು ಕೆಸರು ಹಾರಿಸುತ್ತಾ ಹೋಯಿತು. ವನಜ ಕಾಲುಗಳನ್ನು ಒಳಕ್ಕೆ ಎಳೆದುಕೊಂಡಳು.

"ನನ್ ಹತ್ರ ಆರೂ ಮೆಲ್ಲ ಹೇಳುಕಾತಿರ್ಲಿಲ್ಯಾ, ನೀರ್ ಇಷ್ಟೇ ಅಂದ್?"

"ಹೇಳಿರೆ ಕೇಂತಿದ್ರಿಯಾ?"

ಮುತ್ತ ಯೋಚಿಸಿದ. ಆ ಬೆಳಿಗ್ಗೆಯನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡ. ಗಾಳಿ ನಿಂತ ಮೌನ, ದೂರದ ಬಿಳಿ, ದೋಣಿಯಲ್ಲಿ ಒಂದು ಕಾಲು. ಅವಳು ಬಾಯಿಬಿಟ್ಟು ಹೇಳಿದ್ದರೆ ತಾನು ಏನೆನ್ನುತ್ತಿದ್ದೆ ಎಂದು ಪ್ರಾಮಾಣಿಕವಾಗಿ ನೋಡಿದ.

"ಇಲ್ಲೆ," ಎಂದ.

"ಹಾಂ."

"ಬರು ವರ್ಷ ಮತ್ತೆ ಹೋಪ. ಮಳೆಗಾಲದಂಗ್ ಬೇಡ. ನಿನ್ ಕಾಲ್ ಸಮಾ ಆದ್ಮೇಲೆ, ಗಾಳಿ ಇಲ್ದಿದ್ ತಿಂಗ್ಳ್ ಕಂಡ್ಕಂಡ್."

"ಬ್ಯಾಡ," ಎಂದಳು ವನಜ. ಸಿಟ್ಟಿನಿಂದ ಹೇಳಿದ್ದಲ್ಲ, ಸಾಕಾದವರು ಇನ್ನೊಂದು ಸೌಟಿಗೆ ಕೈ ಅಡ್ಡ ಹಿಡಿದ ಹಾಗೆ. "ಆ ಆಸೆ ಆ ಕಾಲ್ ಎತ್ತಿ ಈಚಿಗ್ ಇಟ್ಟಲ್ಲಿಗೇ ಹೋಯ್ತ್. ಇನ್ನ್ ಹತ್ಸಿದ್ರೆ ನಿಮ್ಗೆ ಸಮಾಧಾನ ಆತ್ತೇ ಹೊರ್ತು, ನಂಗಲ್ಲ."

ಸಣ್ಣಗೆ ಹನಿ ಶುರುವಾಯಿತು. ಇಬ್ಬರೂ ಕೊಡೆ ತಂದಿರಲಿಲ್ಲ. ಏಳುವಾಗ ವನಜ ಅವನ ಹೆಗಲು ಹಿಡಿದಳು. ಮಂಡಿ ನೋಯುತ್ತಿತ್ತು, ಹಿಡಿಯಲು ಹತ್ತಿರದಲ್ಲಿ ಬೇರೇನೂ ಇರಲಿಲ್ಲ.